ಅಮ್ಮನ ಉಮಿಕರಿ, ನನ್ನ ಪೇಸ್ಟು

ಹಲ್ಲುಜ್ಜುವುದು ಸಣ್ಣ ಕೆಲಸ. ಆದರೂ ಅದರ ಹೆಸರಿನಲ್ಲಿ ನಮ್ಮ ಕಾಪುವಿನ ಮನೆಯಲ್ಲಿ ಒಂದಲ್ಲ ಒಂದು ಕಥೆ ಆಗುತ್ತಲೇ ಇರುತ್ತಿತ್ತು.

ಸಾಬೂನು

ಸುಮಾರು ಅರವತ್ತರ ಇಸವಿ. ತಂಗಿಗೆ ಬಂದ ಎರಡು ಸಂಬಂಧ ತಪ್ಪಿಹೋಗಿತ್ತು. ಮೂರನೆಯವರು ಕಾರ್ಕಳದವರು, ಪೇಸ್ಟಿನಲ್ಲಿ ಹಲ್ಲುಜ್ಜುವ ಮನೆಯವರು ಎಂದು ತಿಳಿಯಿತು. ರಾತ್ರಿ ಉಳಿಯುವವರು, ಬೆಳಿಗ್ಗೆ ಕೇಳಿದರೆ ಮರ್ಯಾದೆ ಹೋಗಬಾರದೆಂದು ಉಡುಪಿಯಿಂದ ಒಂದು ಟ್ಯೂಬು ತಂದೆ. ಅಲ್ಲಿಯವರೆಗೆ ನಮಗೆ ಅಮ್ಮನ ಉಮಿಕರಿಯೇ: ಭತ್ತದ ಉಮಿ ಸುಟ್ಟು, ಉಪ್ಪು, ಲವಂಗ ಸೇರಿಸಿ ಅರೆದ ಪುಡಿ. ಅದರಲ್ಲೇ ಉಜ್ಜಿ, ಅರವತ್ತು ದಾಟಿದರೂ ಅಮ್ಮನ ಒಂದು ಹಲ್ಲೂ ಅಲುಗಿರಲಿಲ್ಲ.

"ಇದರಲ್ಲಿ ಎಂತ ಉಂಟು?" ಎಂದರು ಅಮ್ಮ.

"ಸೀಮೆಸುಣ್ಣದ ಪುಡಿ, ಪೆಪ್ಪರ್‌ಮಿಂಟು, ಸ್ವಲ್ಪ ಸಾಬೂನು" ಎಂದು ಅಂಗಡಿಯವರು ಹೇಳಿದ್ದನ್ನೇ ಹೇಳಿದೆ.

"ಸಾಬೂನಾ? ಹಾಗಾದರೆ ಉಜ್ಜಿ ಆದ ಮೇಲೆ ಬಟ್ಟೆಗೆ ಹಾಕುವ ನೀಲಿಯಲ್ಲೂ ಒಮ್ಮೆ ಅದ್ದಿ ತೆಗೆ ಮಗಾ!"

ಏಕಾದಶಿ

ಮರುದಿನ ಪೇಸ್ಟನ್ನು ನಾನೇ ಪರೀಕ್ಷೆ ಮಾಡಿದೆ. ಬಾಯೆಲ್ಲ ಸಿಹಿ! ಆಮೇಲೆ ನೆನಪಾಯಿತು, ಅಂದು ಏಕಾದಶಿ. ಉಪವಾಸ ಕೆಟ್ಟಿತೋ ಏನೋ ಎಂದು ಹೆದರಿ, ಟ್ಯೂಬು ಹಿಡಿದುಕೊಂಡು ಅಂಬಲಪಾಡಿಯಲ್ಲಿದ್ದ ನಮ್ಮ ಪುರೋಹಿತ ಭಟ್ಟರಲ್ಲಿಗೆ ಹೋದೆ.

"ನುಂಗಿದಿರಾ?"

"ಇಲ್ಲ ಭಟ್ರೇ."

"ಸಿಹಿ ಎಷ್ಟು ಉಂಟು?"

ಅದನ್ನು ಹೇಗೆ ಹೇಳುವುದು? ಟ್ಯೂಬನ್ನೇ ಕೊಟ್ಟೆ. ಅವರು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಹೌದು, ಸಾಕಷ್ಟು ಸಿಹಿ" ಎಂದರು. ಕಣ್ಣು ಬಿಟ್ಟವರು ಒಮ್ಮೆ ನನ್ನನ್ನು, ಒಮ್ಮೆ ಬೆರಳನ್ನು ನೋಡಿದರು.

"ದೋಷವೇನೂ ಇಲ್ಲ. ಇಬ್ಬರಿಗೂ ಇಲ್ಲ."

ಬೆಲ್ಲ

ವಾರ ಕಳೆದು ಹುಡುಗನ ತಂದೆ ಬಂದರು. ಮಾತುಕತೆ ಚೆನ್ನಾಗಿಯೇ ಆಯಿತು. ಒಪ್ಪಿಗೆಯಾದರೆ ಬಾಯಿಗೆ ಬೆಲ್ಲ ಹಾಕಿಕೊಳ್ಳುವುದು ನಮ್ಮಲ್ಲಿ ಕ್ರಮ. ಅಮ್ಮ ತಟ್ಟೆ ಇಟ್ಟರು. ಅವರು ಒಂದು ತುಂಡು ಬಾಯಿಗೆ ಹಾಕಿದವರೇ "ಅಯ್ಯಯ್ಯೋ!" ಎಂದು ಮುಖ ಕಿವುಚಿ, ಬೆಲ್ಲವನ್ನು ಅಂಗೈಗೆ ಉಗಿದುಬಿಟ್ಟರು.

ಒಳಗಿನಿಂದ ತಂಗಿಯ ಬಿಕ್ಕು ಕೇಳಿಸಿತು. ಮೂರನೆಯದೂ ಹೋಯಿತೆಂದು ನಾನು ದೇವರನ್ನು ನೆನೆದೆ.

ಅಮ್ಮ ಮಾತ್ರ ಕದಲಲಿಲ್ಲ. "ಎಡದ್ದಾ, ಬಲದ್ದಾ?" ಎಂದರು.

"ಎಡದ್ದು" ಎಂದರು ಅವರು, ಕೆನ್ನೆ ಹಿಡಿದುಕೊಂಡು. "ಸಿಹಿ ತಾಗಿದರೆ ಜುಮ್ಮೆನ್ನುತ್ತದೆ."

"ಹಾಗಾದರೆ ಬಲದಲ್ಲಿ ಒಪ್ಪಿಕೊಳ್ಳಿ."

ಹೀಗೆಂದು ಅಮ್ಮ ಇನ್ನೊಂದು ತುಂಡು ಕೊಟ್ಟು, ತಾವೂ ಒಂದು ಗಟ್ಟಿ ಬೆಲ್ಲವನ್ನು ಕಟಕ್ಕನೆ ಕಚ್ಚಿದರು.

ಅವರು ಅಮ್ಮನ ಬಾಯಿಯನ್ನೇ ನೋಡಿದರು. "ಅದೆಲ್ಲ ನಿಮ್ಮದೇ ಹಲ್ಲಾ?"

"ಮತ್ತೆ ಯಾರದ್ದು?"

"ಹುಡುಗಿಗೂ ಹೀಗೆಯೇ ಉಂಟಾ?"

"ಉಂಟು, ಒಂದೂ ಕಡಿಮೆ ಇಲ್ಲ" ಎಂದೆ ನಾನು ಎದೆ ಸೆಟೆಸಿ.

ಬೆಲ್ಲ ಬಲಗಡೆಗೆ ಹೋಯಿತು. "ಬೇಗ ಮುಹೂರ್ತ ನೋಡಿ ಮಾರಾಯ್ರೇ" ಎಂದರು ಅವರು. "ನನ್ನ ಹೆಂಡತಿ ಮಾಡಿದ ಚಕ್ಕುಲಿ ಕಚ್ಚಲು ನಮ್ಮ ಮನೆಯಲ್ಲಿ ಒಬ್ಬರಾದರೂ ಬೇಕು!"