ಗುಲಾಬಿ ಬಣ್ಣಕ್ಕೆ ತಿರುಗಿದ ನಲವತ್ತು ಅಂಗಡಿ

ತಳಿ ಎಂಬ ಊರಿನ ಹೂವಿನ ವ್ಯಾಪಾರಿ ಕನಕಮ್ಮ ಬೆಳಗ್ಗೆ ಹತ್ತಕ್ಕೆ ಫೋನು ಮಾಡಿದ್ದೇ ಎಲ್ಲಕ್ಕೂ ಕಾರಣ.

"ಏನವ್ವಾ, ನಮ್ ವೆಬ್‌ಸೈಟಾಗೆ ಬಟನ್ ಯಾಕೆ ನೀಲಿ? ನಾನೇನ್ ಸೀಮೆಎಣ್ಣೆ ಮಾರ್ತೀನಾ? ಗುಲಾಬಿ ಬಣ್ಣ ಹಾಕ್ಬುಡು."

"ಹಾಕ್ತೀನಿ ಬುಡಿ ಅಕ್ಕಾ" ಎಂದಳು ವೆಂಕಟಲಕ್ಷ್ಮಿ. ಬೇರಿಕೆಯಿಂದ ದಿನಾ ಬಸ್ಸಿನಲ್ಲಿ ನಿಂತೇ ಬಂದು ಹೊಸೂರಿನ ಈ ಪುಟ್ಟ ಕಂಪನಿಯಲ್ಲಿ ದುಡಿಯತೊಡಗಿ ಅವಳಿಗೆ ಆರು ತಿಂಗಳು. ಕೆಲಸ ಕಾಯಮೋ ಇಲ್ಲವೋ ಎಂದು ಮಾಲೀಕ ಶ್ರೀನಿವಾಸ್ ಹೇಳಬೇಕಿದ್ದದ್ದು ಅಂದೇ ಸಂಜೆ.

ಕಂಪನಿಯವರು ಒಂದೇ ಬಟನ್ ಮಾಡಿ ನಲವತ್ತು ಅಂಗಡಿಗಳ ವೆಬ್‌ಸೈಟಿಗೂ ಅದನ್ನೇ ಕೂರಿಸಿದ್ದರು. ಅದರ ಹುಟ್ಟುಬಣ್ಣ ನೀಲಿ. ಬೇರೆ ಬೇಕೆಂದವರ ಬಣ್ಣವನ್ನು ಅವರವರ ಫೈಲಿನಲ್ಲಿ ಬರೆಯಬೇಕು. ಅವಸರದಲ್ಲಿ ವೆಂಕಟಲಕ್ಷ್ಮಿ ಹುಟ್ಟುಬಣ್ಣವನ್ನೇ ಗುಲಾಬಿ ಮಾಡಿದಳು. ಕನಕಮ್ಮನ ಫೈಲಿನಲ್ಲಿ ಯಾರೋ ಹಿಂದೆಯೇ ನೀಲಿ ಎಂದು ಬರೆದಿದ್ದರಿಂದ ಅವಳ ಬಟನ್ ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ.

ಪಕ್ಕದ ಕುರ್ಚಿಯ ಮೋಹನ್ ಯಾರೂ ಕೇಳದೆಯೇ ಬಗ್ಗಿದ. "ಬಣ್ಣದ ಪಕ್ಕದಾಗೆ 'ಇಂಪಾರ್ಟೆಂಟ್' ಅಂತ ಬರಿ. ಆಮೇಲೆ ಅದು ಯಾರ್ ಮಾತೂ ಕೇಳಲ್ಲ."

ಬರೆದಳು. ಸ್ವಂತ ಬಣ್ಣವಿದ್ದ ಅಂಗಡಿಗಳೂ ಸೇರಿ ನಲವತ್ತೂ ಮದುಮಗಳ ಕೆನ್ನೆಯಂತೆ ರಂಗೇರಿದವು.

ಮೊದಲು ಕರೆ ಬಂದದ್ದು ಲಾರಿ ಬಿಡಿಭಾಗ ಮಾರುವ ಸುಬ್ರಮಣಿಯದು. "ಎನ್ನಮ್ಮಾ, ಲಾರಿ ಆಕ್ಸಲ್‌ಗೆ ಪಿಂಕಾ? ಡ್ರೈವರ್ಗಳು ನಗ್ತಾವ್ರೆ!"

ಆಮೇಲೆ ಬೋರ್‌ವೆಲ್ ಕೊರೆಸುವ ಪಾಪಯ್ಯ. "ನೀರ್ ಬತ್ತದೋ, ರೋಜಾ ಶರಬತ್ ಬತ್ತದೋ ಅಂತ ಕೇಳ್ತಾವ್ರೆ ಕಣಮ್ಮಾ!"

ವೆಂಕಟಲಕ್ಷ್ಮಿ ಊಟ ಬಿಟ್ಟು ಕೂತಳು. 'ಇಂಪಾರ್ಟೆಂಟ್' ಕಿತ್ತೆಸೆದು, ನೀಲಿಯನ್ನು ಮತ್ತೆ ಹುಟ್ಟುಬಣ್ಣದ ಜಾಗಕ್ಕೆ ಸೇರಿಸಿ, ಗುಲಾಬಿಯನ್ನು ಕನಕಮ್ಮನ ಫೈಲಿಗಷ್ಟೇ ಬರೆದಳು. ನಾಲ್ಕು ಗಂಟೆಗೆ ಎಲ್ಲ ಸರಿಹೋಯಿತು. ತಲೆಯ ಮೇಲಿನ ಹುಲ್ಲುಹೊರೆ ಇಳಿದಂತಾಯಿತು.

ಐದಕ್ಕೆ ಶ್ರೀನಿವಾಸ್ ಕೃಷ್ಣಗಿರಿಯಿಂದ ಬಂದವರೇ ಬಾಗಿಲಲ್ಲೇ ಕೇಳಿದರು: "ಬೆಳಗ್ಗೆ ಎಲ್ಲಾದ್ನೂ ಗುಲಾಬಿ ಮಾಡಿದ್ದು ಯಾರು?"

"ನಾನಲ್ಲ ಸಾರ್! ನಾನು ಮುಟ್ಟೇ ಇಲ್ಲ!" ಬೈಗುಳ ಬಂತೆಂದೇ ಹೆದರಿ ಅಂದಳು ವೆಂಕಟಲಕ್ಷ್ಮಿ.

"ಅಲ್ಲಿ ಸೀರೆ ಅಂಗಡಿಯೋರ್ಗೆ ನಮ್ ಕೆಲಸ ತೋರಿಸ್ತಿದ್ದೆ. ಆ ಬಣ್ಣ ನೋಡಿ ಮರುಳಾಗ್ಬುಟ್ರು. ಆರು ಅಂಗಡಿ ಕೆಲಸಾನೂ ನಮ್ಗೇ ಕೊಟ್ರು. ಮಾಡಿದೋರ್ಗೆ ಬಡ್ತಿ ಕೊಡೋಣಾಂತಿದ್ದೆ."

ವೆಂಕಟಲಕ್ಷ್ಮಿಯ ಬಾಯಿ ತೆರೆಯಿತು. ಅಷ್ಟರಲ್ಲಿ ಮೋಹನ್ ಎದ್ದು ನಿಂತಿದ್ದ. "ಐಡಿಯಾ ನಂದೇ ಸಾರ್."

ಶ್ರೀನಿವಾಸ್ ಅವನ ಬೆನ್ನು ತಟ್ಟಿ, ಇವಳತ್ತ ತಿರುಗಿದರು. "ನೀನು ಮುಟ್ಟೇ ಇಲ್ಲ ಅಂದ್ರೆ, ಬೆಳಗ್ಗೆಯಿಂದ ಏನಮ್ಮ ಮಾಡ್ತಿದ್ದೆ?"

ಕಾಯಂ ಮಾತು ಇನ್ನಾರು ತಿಂಗಳು ಮುಂದಕ್ಕೆ ಹೋಯಿತು. ಕೆಲಸ ಹೋಗಲಿಲ್ಲವಲ್ಲ ಎಂದು ವೆಂಕಟಲಕ್ಷ್ಮಿ ನಿಟ್ಟುಸಿರು ಬಿಟ್ಟು, ಬೇರಿಕೆ ಬಸ್ಸಿಗೆ ಓಡಿದಳು. ಸೀಟು ಸಿಕ್ಕಿತು.