ಸಾವಕಾರ್ರ ಗಾಡಿಯ ಟಾಕಿ ಮುಚ್ಚಳ

ಹಳೇ ಗಾಡಿ ಓಡಿಸುವವನು ದೆವ್ವಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈಮಾಡಿ ಗಾಡಿ ಹತ್ತುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಒಬ್ಬ ಹತ್ತಿ ಸಾವಕಾರ್ರ ಕಾರಿಗೆ ಡ್ರೈವರ್ ಆಗಿದ್ದೆ. ಆ ಗಾಡಿಯ ಎಂಜಿನ್, ಬ್ರೇಕು ಯಾವುದೂ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ಅಂಗೈಯಗಲದ ಪೆಟ್ರೋಲ್ ಟಾಕಿ ಮುಚ್ಚಳ.

೧. ಹುಣಸೆಮರದ ನಿಟ್ಟುಸಿರು

ಸವದತ್ತಿ ದಾರಿಯಲ್ಲಿ ಒಂದು ಹುಣಸೆಮರವಿತ್ತು. ಸುತ್ತ ಬರೀ ಕಪ್ಪುಮಣ್ಣಿನ ಎರಿಹೊಲ, ಮರದ ಹಿಂದೆ ಯಾರದೋ ಹಳೇ ಗೋರಿ. ನಮ್ಮ ಗಾಡಿ ಅಲ್ಲಿಗೆ ಬರುವುದೇ ತಡ, ಕೆಮ್ಮಿ ನಿಂತುಬಿಡುತ್ತಿತ್ತು. ಒಂದು ಸಲವಲ್ಲ, ಹೋದಾಗೆಲ್ಲ. ಸಾವಕಾರ್ರ ಹೆಂಡತಿ, ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು, ಇಳಿದು ತೆಂಗಿನಕಾಯಿ ಒಡೆಸುವರು. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ ಮುಗಿಸುವಷ್ಟರಲ್ಲಿ ಗಾಡಿ ಮತ್ತೆ ಚಾಲೂ ಆಗುತ್ತಿತ್ತು. ಹೀಗಾದ ಮೇಲೆ ಗೋರಿಯವನೇ ಗಾಡಿ ತಡೆಯುತ್ತಾನೆಂದು ನಂಬದೆ ಏನು ಮಾಡುವುದು?

ಒಂದು ಮಟಮಟ ಮಧ್ಯಾಹ್ನ ಕಾಯಿ ತರುವುದು ಮರೆತುಹೋಗಿತ್ತು. ಗಾಳಿ ಇಲ್ಲ, ಹಕ್ಕಿಯ ಸದ್ದಿಲ್ಲ. ಸುಮ್ಮನೆ ಕೂರಲಾಗದೆ, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟಾಕಿ ಮುಚ್ಚಳ ತಿರುವಿದೆ.

"ಹಾsss..." ಅಂತ ಉದ್ದಕ್ಕೆ ಒಂದು ನಿಟ್ಟುಸಿರು ಕೇಳಿಸಿತು.

ಹಿಂದಿನ ಸೀಟಿನಿಂದ ಅವ್ವಾರು, "ಯಾರ ಅದು?" ಅಂದರು. ನಾನು ಮುಚ್ಚಳ ತಿರುವಿ ಹಾಕಿ ಓಡಿಬಂದು ಗಾಡಿ ಹತ್ತಿದೆ. ಮೊದಲ ಸಲಕ್ಕೇ ಚಾಲೂ ಆಯಿತು.

ಸವದತ್ತಿಯಲ್ಲಿ ಮುಚ್ಚಳ ಬಿಚ್ಚಿ ನೋಡಿದರೆ ಅದರ ಗಾಳಿ ತೂತಿನಲ್ಲಿ ಮಣ್ಣು ಮೆತ್ತಿತ್ತು. ಗಾಳಿ ಒಳಗೆ ಹೋಗದೆ ಟಾಕಿಗೆ ಉಸಿರು ಕಟ್ಟುತ್ತಿತ್ತು. ಅಷ್ಟು ದೂರ ಓಡಿದ ಮೇಲೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತಿತ್ತು. ಆ ಜಾಗ ಸರಿಯಾಗಿ ಹುಣಸೆಮರದ ಬುಡ. ಪೂಜೆಯ ಹೊತ್ತಿನಲ್ಲಿ ಒಂದಿಷ್ಟು ಗಾಳಿ ಜಿನುಗಿ ಒಳಗೆ ಸೇರಿದರೆ ಮತ್ತೆ ಓಡುತ್ತಿತ್ತು. ಸೂಜಿಯಿಂದ ತೂತು ಚೊಕ್ಕ ಮಾಡಿದೆ.

ಮರುವಾರ ಗಾಡಿ ನಿಲ್ಲದೆ ಹುಣಸೆಮರ ದಾಟಿತು. ಅವ್ವಾರು ಚೀರಿದರು: "ಏ ತಮ್ಮಾ, ನಿಲ್ಲಸೋ! ಗೋರಿಯಾಂವ ಸಿಟ್ಟಾಗಿ ಮಾತು ಬಿಟ್ಟಾನ. ಕಾಯಿ ಕೊಟ್ಟ ಹೋಗೂಣು!"

೨. ಕೆಂಪು ಖಣ

ರಾಮದುರ್ಗದಲ್ಲಿ ಸಾವಕಾರ್ರ ಮಗಳ ಮನೆ. ಅಲ್ಲಿಂದ ಸಾವಕಾರ್ರು, ಅವ್ವಾರ ಜೊತೆ ಬರುವಾಗ, ಹಿಡಿತ ಸವೆದಿದ್ದ ಮುಚ್ಚಳ ದಾರಿಯಲ್ಲೆಲ್ಲೋ ಉದುರಿತು. ರಸ್ತೆಯಲ್ಲಿ ಕುಣಿ ಬಂದರೆ ಸಾಕು, ಪೆಟ್ರೋಲ್ ಚೆಲ್ಲುತ್ತಿತ್ತು. ಮಗಳು ಅವ್ವಾರಿಗೆ ಉಡಿ ತುಂಬಿದ್ದಳು. ಅದರಲ್ಲಿದ್ದ ಕೊಬ್ಬರಿ ಬಟ್ಟಲನ್ನೇ ಟಾಕಿ ಬಾಯಿಗೆ ಬೋರಲು ಹಾಕಿ, ಮೇಲೆ ಕುಬಸದ ಕೆಂಪು ಖಣ ಸುತ್ತಿ ದಾರದಿಂದ ಬಿಗಿದೆ.

ಚಚಡಿಯಲ್ಲಿ ಚಹಾಕ್ಕೆ ನಿಂತೆವು. ಕುಡಿದು ಹೊರಗೆ ಬಂದರೆ ಗಾಡಿಯಿಂದ ಮಾರು ದೂರದಲ್ಲಿ ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಖಣದ ಮೇಲೆ ಅರಿಶಿನದ ಭಂಡಾರ, ಕುಂಕುಮ. ಅದರ ಸಂದಿನಲ್ಲಿ ಹೊಗೆಯಾಡುವ ಊದಿನಕಡ್ಡಿ!

ಪೆಟ್ರೋಲ್ ಟಾಕಿಯ ಬಾಯಿಗೆ ಬೆಂಕಿ! ನನ್ನ ಜೀವ ಬಾಯಿಗೆ ಬಂತು. "ಹೋ!" ಎಂದು ಕೂಗುತ್ತ ಓಡಿ, ಕಡ್ಡಿಗಳನ್ನು ಕಿತ್ತು ಮಣ್ಣಿಗೆ ಹಾಕಿ ಕುಣಿಕುಣಿದು ತುಳಿದೆ. ಮೈ ಗಡಗಡ ನಡುಗುತ್ತಿತ್ತು.

"ದೇವರು ಮೈಯಾಗ ಬಂತು!" ಎಂದು ಯಾರೋ ಕೂಗಿದರು. ಜನ ದಬದಬನೆ ಅಡ್ಡಬಿದ್ದರು. ಒಬ್ಬ ಮುದುಕಿ ನನ್ನ ಕಾಲು ಹಿಡಿದಳು. "ನನ್ನ ಎಮ್ಮಿ ಯಾವಾಗ ಈಯತೈತಿ, ಹೇಳ ನನ್ನಪ್ಪಾ."

ಸಾವಕಾರ್ರು ಕಿವಿಯಲ್ಲಿ, "ಏನರ ಹೇಳೋ ಮಾರಾಯಾ, ಇಲ್ಲಂದ್ರ ಬಿಡೂದಿಲ್ಲ ಇವರು," ಅಂದರು. "ಅಮಾಸಿ ಒಳಗ," ಅಂದುಬಿಟ್ಟೆ.

ಎಮ್ಮೆ ಅಮಾವಾಸ್ಯೆಯ ಒಳಗೇ ಕರು ಹಾಕಿತು. ಮುದುಕಿ ಗಿಣ್ಣದ ಹಾಲು ಹೊತ್ತು ಬೈಲಹೊಂಗಲಕ್ಕೆ ಬಂದು, ನನಗೆ ಕೈಮುಗಿದು ಕೊಟ್ಟುಹೋದಳು. ಅಲ್ಲಿಯತನಕ "ಬಾರಲೇ, ಹೋಗಲೇ" ಅನ್ನುತ್ತಿದ್ದ ಸಾವಕಾರ್ರು ಅಂದಿನಿಂದ ನನಗೆ "ಗಾಡಿ ತಗೀರಿ" ಅನ್ನತೊಡಗಿದರು.

೩. ಕಿತ್ತೂರ ದಾರಿಯ ಅಳು

ಬೆಳಗಾವಿಯಿಂದ ತರಿಸಿದ ಹೊಸ ಮುಚ್ಚಳ ನಮ್ಮ ಗಾಡಿಗೆ ಸರಿಯಾಗಿ ಕೂರಲಿಲ್ಲ, ಸ್ವಲ್ಪ ಸಡಿಲ. ಅದು ತೊಂದರೆ ಕೊಟ್ಟೀತೆಂದು ಯಾರಿಗೂ ಅನಿಸಲಿಲ್ಲ.

ಸಾವಕಾರ್ರ ದಾಯಾದಿಯೊಬ್ಬರು ಹೆಂಡತಿ ತೀರಿಕೊಂಡ ವರ್ಷದೊಳಗೇ ಎರಡನೇ ಸಂಬಂಧಕ್ಕೆ ಕಿತ್ತೂರಿಗೆ ಹೆಣ್ಣು ನೋಡಲು ಹೊರಟರು. ಮೀಸೆಗೆ ಕಪ್ಪು ಹಚ್ಚಿಕೊಂಡಿದ್ದರು. ಇಳಿಹೊತ್ತು, ಎದುರುಗಾಳಿ. ಊರು ದಾಟಿ ವೇಗ ಹೆಚ್ಚಿಸಿದೊಡನೆ ಹಿಂದಿನಿಂದ ಹೆಣ್ಣಿನ ದನಿಯೊಂದು ಸಣ್ಣಗೆ ಅಳತೊಡಗಿತು. ಗಾಡಿ ನಿಲ್ಲಿಸಿದೆ, ಅಳು ನಿಂತಿತು. ಹೊರಟೆ, ಮತ್ತೆ ಶುರುವಾಯಿತು. ಈ ಸಲ ಬಿಕ್ಕಿಬಿಕ್ಕಿ.

ಅವರ ಮುಖದ ಮೇಲೆ ಬೆವರಿಳಿದು ಮೀಸೆಯ ಕಪ್ಪೆಲ್ಲ ಗಲ್ಲಕ್ಕೆ ಬಂತು. "ನಮ್ಮಾಕೀನ," ಅಂದರು. "ಹಿಂಗ ಅಳತಿದ್ಲು. ಹೊಳ್ಳಸ್ರಿ ಗಾಡಿ."

ಗಾಡಿ ಹಿಂದಕ್ಕೆ ಹೊಳ್ಳಿಸಿದೆ. ಈಗ ಗಾಳಿ ಬೆನ್ನಿಗೆ. ಅಳು ಕಡಿದಂತೆ ನಿಂತಿತು. ಅವರು ಹಿಂದಿನ ಗಾಜಿನತ್ತ ತಿರುಗಿ ಎರಡೂ ಕೈ ಮುಗಿದರು. "ಆತ ಮಾರಾಯ್ತಿ. ಹೋಗೂದಿಲ್ಲ. ಸುಮ್ಮನಿರು."

ಮನೆಗೆ ಬಂದು ಹುಡುಕಿದಾಗ, ಸಡಿಲ ಮುಚ್ಚಳದ ಸಂದಿನಲ್ಲಿ ಗಾಳಿ ಸಿಳ್ಳೆ ಹಾಕುತ್ತಿದ್ದದ್ದು ತಿಳಿಯಿತು. ಅದಕ್ಕೊಂದು ರಬ್ಬರ್ ವಾಶರ್ ಹಾಕಿ ಸಾವಕಾರ್ರಿಗೆ ತೋರಿಸಿದೆ. ಅವರು ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಈ ವಾಶರ್ ಸುದ್ದಿ ಅವನ ಮುಂದ ತಗೀಬ್ಯಾಡ್ರಿ. ಕಿತ್ತೂರ ಹುಡುಗಿ ಅವನ ಮಗಳಕಿಂತ ಸಣ್ಣಾಕಿ ಅದಾಳ. ಮತ್ತ ಹೊಂಟನಂದ್ರ, ವಾಶರ್ ತಗದ ಗಾಡಿ ಬಿಡ್ರಿ."

೪. ಕೀಲಿಕೈ

ಪೆಟ್ರೋಲ್ ತುಟ್ಟಿಯಾಗಿ, ಟಾಕಿಗೆ ನಳಿಗೆ ಹಾಕಿ ಕದಿಯುವವರು ಹೆಚ್ಚಾದರು. ಸಾವಕಾರ್ರು ಕೀಲಿ ಇರುವ ಮುಚ್ಚಳ ಹಾಕಿಸಿದರು. ಅದರ ಒಂದೇ ಒಂದು ಕೀಲಿಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಪೆಟ್ರೋಲ್ ಹಾಕಿಸುವಾಗ ಅಂಗಿ ಎತ್ತಿ ಕೀಲಿಕೈ ಬಿಚ್ಚಿ ಅವರೇ ಮುಚ್ಚಳ ತೆಗೆಯುವರು, ಯಾರ ಕೈಗೂ ಕೊಡರು.

ಒಂದು ಮುಂಜಾನೆ ಅವರು ಕುರ್ಚಿಯಲ್ಲಿ ಕುಳಿತಲ್ಲೇ ತೀರಿಕೊಂಡರು. ಮನೆಯ ಸಂಪ್ರದಾಯದಂತೆ ಕೂರಿಸಿ ಮಣ್ಣು ಮಾಡಿದರು. ಆ ದುಃಖದಲ್ಲಿ ಉಡಿದಾರದ ನೆನಪು ಯಾರಿಗಿರುತ್ತದೆ? ಕೀಲಿಕೈ ಅವರ ಜೊತೆಗೇ ಹೋಯಿತು.

ಅಂದಿನಿಂದ ಗಾಡಿ ವಾಡೆಯ ಅಂಗಳದಲ್ಲಿ ನಿಂತಿತು. ಬಿಸಿಲಿಳಿಯುವ ಹೊತ್ತಿಗೆ ಟಾಕಿಯ ಒಳಗಿನಿಂದ ಟಕ್, ಟಕ್ ಅಂತ, ಬೆರಳಿನಿಂದ ಬಡಿದ ಹಾಗೆ ಸದ್ದು. ಕಾದ ತಗಡು ಆರುವಾಗ ಹಾಗಾಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅತ್ತ ಬೆನ್ನು ಮಾಡಲು ಧೈರ್ಯವಾಗುತ್ತಿರಲಿಲ್ಲ.

ಅಷ್ಟರಲ್ಲಿ ರಾಮದುರ್ಗದಿಂದ ಸುದ್ದಿ ಬಂತು: ಮಗಳಿಗೆ ಬ್ಯಾನಿ ಎದ್ದಿದೆ, ಹೆರಿಗೆ ತ್ರಾಸಿನದಾಗಿದೆ, ಬೇಗ ಬರಬೇಕು. ಟಾಕಿ ಬರಿದಾಗಿತ್ತು, ಡಬ್ಬಿಯಲ್ಲಿ ಪೆಟ್ರೋಲ್ ತಂದೆ. ಮುಚ್ಚಳ ಮಿಸುಕಲಿಲ್ಲ. ಸ್ಕ್ರೂಡ್ರೈವರ್ ತುದಿ ಮುರಿಯಿತು, ಬೆರಳು ಕೊಯ್ದು ರಕ್ತ ಬಂತು. ಆಳುಗಳು ದೂರ ಸರಿದು, "ಸಾವಕಾರ್ರಿಗೆ ಮನಸಿಲ್ಲ," ಅಂದರು.

ಅವ್ವಾರು ಬಂದು ಗಾಡಿಯ ಮುಂದೆ ನಿಂತರು. "ನೋಡ್ರಿ, ನಿಮ್ಮ ಮಗಳ ಜೀವದ ಪ್ರಶ್ನಿ ಐತಿ. ಬಿಡ್ರಿ," ಅಂದರು. ನನ್ನ ಕಣ್ಣು ತುಂಬಿತು. ಅವರು ಸೊಂಟದ ಕೀಲಿಕೈ ಗೊಂಚಲು ತೆಗೆದು ನನ್ನ ಕೈಗಿಟ್ಟರು. "ಯಾವದರ ಹತ್ತತೈತೇನು ನೋಡು ತಮ್ಮಾ."

ತಿಜೋರಿಯದು ಹೊಗಲಿಲ್ಲ, ಅಟ್ಟದ್ದು ತಿರುಗಲಿಲ್ಲ. ಒಂದು ಸಣ್ಣ ಹಿತ್ತಾಳೆ ಕೀಲಿಕೈ ಸರಕ್ಕನೆ ತಿರುಗಿತು. ಮುಚ್ಚಳ ಬಾಯಿ ಬಿಟ್ಟಿತು. ಆಳುಗಳು ಕೈಮುಗಿದರು. ಪೆಟ್ರೋಲ್ ಸುರಿದು ಹೊರಟೇಬಿಟ್ಟೆವು. ರಾಮದುರ್ಗ ಮುಟ್ಟುವಷ್ಟರಲ್ಲಿ ಗಂಡು ಹುಟ್ಟಿತ್ತು, ತಾಯಿ ಮಗು ಇಬ್ಬರೂ ಅರಾಮ.

ಅವ್ವಾರು ಕೂಸನ್ನು ನೋಡಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. ಮುಖದಲ್ಲಿ ಏನೋ ಲೆಕ್ಕ ನಡೆದಿತ್ತು.

"ತಮ್ಮಾ, ಟಾಕಿಗೆ ಹತ್ತಿದ್ದು ಯಾವ ಕೀಲಿಕೈ ಗೊತ್ತೇನು? ನಾ ಸಿಹಿ ಉಂಡಿ ಇಡೂ ಕಪಾಟಿಂದು."

"ಹೌದರಿ?"

"ಅಂದ್ರ, ಟಾಕಿ ಕೀಲಿಕೈಲೆ ಕಪಾಟೂ ತಗೀತಿತ್ತು."

ಅವ್ವಾರು ಗೊಂಚಲಿನಿಂದ ಆ ಹಿತ್ತಾಳೆ ಕೀಲಿಕೈ ಎತ್ತಿ ತೋರಿಸಿದರು.

"ಡಾಕ್ಟರು ನಿಮ್ಮ ಸಾವಕಾರ್ರಿಗೆ ಸಿಹಿ ಬ್ಯಾಡ ಅಂದಿದ್ರು. ಅದಕ್ಕ ಕೀಲಿ ಜಡದಿಟ್ಟಿದ್ದೆ. ಆದ್ರೂ ಉಂಡಿ ಕಡಿಮಿ ಆಗೂವು. ಕೀಲಿ ಹಾಕಿದ್ದು ಹಾಕಿದಂಗ, ಒಳಗ ಉಂಡಿ ಮಾಯ! ತೀರಿಹೋದ ನಮ್ಮ ಅತ್ತಿಯವರ ಬಂದು ತಿಂತಾರ ಅಂತ ನಾ ದಿನಾ ಅವರ ಫೋಟೋದ ಮುಂದ ನಿಂತು ಬೈತಿದ್ದೆ. ಇವರೂ ಬಾಜೂಕ ಬಂದು ನಿಲ್ಲೂರು."

"ನಿಂತು ಏನಂತಿದ್ರರಿ?"

ಅವ್ವಾರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"'ಬೈಬ್ಯಾಡ, ಪಾಪ, ಅವ್ವ ನಿನ್ನೆ ಕನಸಿನಾಗ ಬಂದಿದ್ಲು. ಉಂಡಿ ಛಲೋ ಆಗ್ಯಾವ, ತುಪ್ಪ ಇಷ್ಟ ಕಡಿಮಿ ಆಗೇತಿ ಅಂದ್ಲು.'"