ಎಡಮಾಮೆಯ ಎಡವಟ್ಟು

"ಇವತ್ತಿನಿಂದ ಚಿಪ್ಸ್ ಮುಟ್ಟಿದ್ರೆ ನನ್ನನ್ನ ಕರಡಿ ಅಂತ ಕರೀಬೇಡಿ!" ಎಂದು ಕರಡಿರಾಯರು ಅಚ್ಚುಕೂಟದ ನಟ್ಟನಡುವೆ ನಿಂತು ಘೋಷಿಸಿಯೇಬಿಟ್ಟರು. ಕರಡು ತಿದ್ದುವ ಕೆಲಸದಿಂದ ಅಂಟಿಕೊಂಡ ಹೆಸರದು. ಮೈಮೇಲಿನ ಕೂದಲಿಗೂ ಹೆಸರಿಗೂ ಸಂಬಂಧವಿಲ್ಲ ಎಂದು ರಾಯರ ವಾದ. ಇದೆ ಎಂದು ಅವರ ಹೆಂಡತಿಯದು!

"ಹೆಂಡತಿ ಮನೇಲಿಲ್ಲದಾಗ ಬಾಯಿ ಕಟ್ಟೋ ಗಂಡನ್ನ ಇದೇ ಮೊದಲು ನೋಡ್ತಿರೋದು ಸಾರ್," ಎಂದ ಪುಸ್ತಕ ಹೊಲಿಯುವ ಬೈಂಡರ್.

"ಇದ್ದಾಗ ಬಿಟ್ಟರೆ ಅದು ಹೆದರಿಕೆ ಕಣಯ್ಯಾ. ಇಲ್ಲದಾಗ ಬಿಟ್ಟರೆ ಸಂಯಮ!"

ಸಂಯಮವೂ ಇಲ್ಲ, ಮಣ್ಣೂ ಇಲ್ಲ. ಕಾಲು ಮುರಿದುಕೊಂಡ ಅಕ್ಕನ ಆರೈಕೆಗೆಂದು ಹೋದ ಹೆಂಡತಿ ಇನ್ನೂ ಬಂದಿರಲಿಲ್ಲ. ಅಕ್ಕನ ಕಾಲಿನ ಪಟ್ಟಿ ಬಿಚ್ಚಿ ಆಗಿತ್ತು. "ನಾನಿನ್ನು ಹೊರಡ್ಲಾ?" ಎಂದು ಆಕೆ ಫೋನಿನಲ್ಲಿ ಕೇಳಿದರೆ ನಮ್ಮ ರಾಯರು ಏನಂದರು ಗೊತ್ತೇ? "ಅಯ್ಯೋ, ಏನವಸರ! ನಾನಿಲ್ಲಿ ಮಹಾರಾಜನ ಹಾಗಿದ್ದೀನಿ!"

ಹಾಗಂದ ಮಹಾರಾಜರು ಫೋನಿಟ್ಟು, ಅಭ್ಯಾಸಬಲದಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಎರಡನ್ನೂ ತಾವೇ ಕುಡಿದರು. ಆಕೆಯ ಕುರ್ಚಿಯ ಮೇಲಿದ್ದ ಶಾಲನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಬೈಯಲು ಕೂಡ ಯಾರೂ ಇಲ್ಲದ ಮನೆ! ಸಂಜೆಯಾದರೆ ಎದೆಯೊಳಗೆ ಖಾಲಿ ಖಾಲಿ. ಆ ಖಾಲಿಗೆ ಚಿಪ್ಸ್ ಸುರಿದರೆ ಎದೆ ತುಂಬಲಿಲ್ಲ, ಹೊಟ್ಟೆ ತುಂಬಿ ಅಂಗಿಯ ಗುಂಡಿ ಹಾರಿತು. ಅವರಿಗೆ ಹೆಂಡತಿ ಬೇಕಾಗಿತ್ತು. ಆದರೆ ಕರೆಯುವುದು ಹೇಗೆ? ಹೊರಡುವಾಗ ಆಕೆ, "ನಾನಿಲ್ದೆ ನಿಮಗೆ ಒಂದು ವಾರ ಕಳೆಯಲ್ಲ" ಎಂದಿದ್ದಳು. ಇವರು, "ನೋಡೇಬಿಡೋಣ" ಎಂದಿದ್ದರು. ಈಗ ಜಂಬ ಅಡ್ಡಗಾಲು ಹಾಕಿ ಕೂತಿತ್ತು.

ಕೊನೆಗೆ ಕೆಲಸವೂ ಕೆಟ್ಟಿತು. ಯಾರದೋ ಮದುವೆಯ ಕರೆಯೋಲೆಯಲ್ಲಿ 'ವಿವಾಹ ಮಹೋತ್ಸವ' ಎಂದು ಸರಿಯಾಗಿಯೇ ಇದ್ದುದನ್ನು ಕೆಂಪು ಶಾಯಿಯಲ್ಲಿ 'ವಿರಹ ಮಹೋತ್ಸವ' ಎಂದು ತಿದ್ದಿ ಕಳಿಸಿಬಿಟ್ಟರು!

"ಏನ್ರೀ ಇದು?" ಎಂದು ಮಾಲೀಕ ಹಾರಾಡಿದ. "ವಿರಹಕ್ಕೆ ಯಾರಾದ್ರೂ ಬಂಧುಮಿತ್ರರ ಸಮೇತ ಬರ್ತಾರೇನ್ರೀ?"

"ಚಿಪ್ಸಿನ ಎಣ್ಣೆ ಕನ್ನಡಕಕ್ಕೆ ಮೆತ್ಕೊಂಡಿತ್ತು ಸಾರ್," ಎಂದರು ರಾಯರು. ತಪ್ಪು ಚಿಪ್ಸಿನ ತಲೆಗೆ ಬಿತ್ತು. ಅದಕ್ಕೇ ಈ ಶಪಥ.

"ಹಾಗಾದ್ರೆ ಎಡಮಾಮೆ ತಿನ್ನಿ ಸಾರ್," ಎಂದ ಬೈಂಡರ್.

"ಯಾರ ಮಾಮಿ?"

"ಮಾಮಿ ಅಲ್ಲ, ಮಾಮೆ! ಎಳೇ ಸೋಯಾ ಕಾಯಿ. ಬೇಯಿಸಿ, ಉಪ್ಪು ಉದುರಿಸಿ, ಚಿಪ್ಸ್ ಬದಲು ತಿನ್ನೋದು. ಮೈಗೆ ಭಾಳ ಒಳ್ಳೇದು."

"ಎಡ ಮಾತ್ರನಾ? ಬಲಮಾಮೆ ಸಿಗಲ್ವಾ?" ಎಂದು ತಮ್ಮ ಜೋಕಿಗೆ ತಾವೇ ನಕ್ಕು ರಾಯರು ಅಂಗಡಿಗೆ ಹೋದರು.

ಬೈಂಡರ್ ಒಂದು ಮಾತು ಹೇಳಲು ಮರೆತಿದ್ದ. ಎಡಮಾಮೆಯಲ್ಲಿ ಒಳಗಿನ ಕಾಳು ಮಾತ್ರ ತಿನ್ನಬೇಕು, ಸಿಪ್ಪೆ ಎಸೆಯಬೇಕು. ರಾಯರು ಒಲೆಯ ಪಕ್ಕದಲ್ಲೇ ನಿಂತು ಬಿಸಿನೀರಿನಿಂದ ಒಂದೊಂದೇ ಎತ್ತಿ ಸಿಪ್ಪೆ ಸಮೇತ ಬಾಯಿಗಿಟ್ಟರು. ಅಗಿದರು. ಅಗಿದೇ ಅಗಿದರು! ದವಡೆ ಸೋತಿತು, ನಾರು ಸೋಲಲಿಲ್ಲ. ಅಷ್ಟರಲ್ಲಿ ಫೋನು ಬಂತು.

"ಏನ್ರೀ ಮಾಡ್ತಿದ್ದೀರಿ?"

"ಎಡ... ಮ್ಮ... ಮಾಮೆ..."

"ಎಡಮನೆ ಮಾಮಿನಾ? ಅವರೇನು ಮಾಡ್ತಿದ್ದಾರೆ ಅಲ್ಲಿ?"

ಎಡಮನೆ ಮಾಮಿ ಎಂದರೆ ಎಡಪಕ್ಕದ ಮನೆಯಲ್ಲಿ ಒಬ್ಬರೇ ಇರುವ ದರ್ಜಿ. ಬಾಯಿತುಂಬ ನಾರು ತುಂಬಿಕೊಂಡಿದ್ದ ರಾಯರ ತಲೆಗೆ ಆ ಪ್ರಶ್ನೆ ಹೋಗಲೇ ಇಲ್ಲ. "ಭಾಳ ಹಿತ ಕಣೇ! ಬಿಸಿಬಿಸಿ! ಇನ್ಮೇಲೆ ಸಂಜೆ ಹೊತ್ತು ಬೇರೇನೂ ಬೇಡ!" ಎಂದು ಉತ್ಸಾಹದಿಂದ ಹೇಳುವಷ್ಟರಲ್ಲಿ ನಾರು ಗಂಟಲಿಗೆ ಸಿಕ್ಕಿತು. ಕೆಮ್ಮಿದ ರಭಸಕ್ಕೆ ಫೋನು ಹಾರಿ ಕುದಿಯುವ ಪಾತ್ರೆಗೇ ಬಿತ್ತು. ಎಡಮಾಮೆಯ ಜೊತೆ ಅದೂ ಚೆನ್ನಾಗಿ ಬೆಂದಿತು.

ಆಗ ಅವರ ತಲೆಗೆ ಹೆಂಡತಿಯ ಪ್ರಶ್ನೆ ತಡವಾಗಿ ತಲುಪಿತು. ಅಯ್ಯಯ್ಯೋ! ಬೇರೆ ಫೋನು ಎಲ್ಲಿದೆ? ಓಡಿದರು. ಎಲ್ಲಿಗೆ? ಎಡಮನೆಗೇ!

"ನಾನು ಕಣೇ... ಮಾಮಿ ಮನೆಯಿಂದ..."

"ಗೊತ್ತಾಯ್ತು ಬಿಡಿ," ಎಂದು ಆಕೆ ಫೋನಿಟ್ಟಳು.

ರಾಯರು ಮಾಮಿಯ ಹೊಲಿಗೆ ಯಂತ್ರದ ಪಕ್ಕ ಕುಸಿದು ಕೂತರು. ಕಣ್ಣಲ್ಲಿ ನೀರು. ಆಮೇಲೆ ನಿಧಾನವಾಗಿ ಒಂದು ಆಸೆ ಚಿಗುರಿತು. ಅನುಮಾನ ಬಂದರೆ ಬಂದೇ ಬರುತ್ತಾಳಲ್ಲ! ಜಗಳಕ್ಕಾದರೂ ಸರಿ, ಬರಲಿ!

ಬಂದೇಬಿಟ್ಟಳು, ಮರುದಿನವೇ! ರಾಯರು ಬಾಗಿಲಲ್ಲೇ ಉಳಿದ ಕಾಯಿಗಳ ತಟ್ಟೆ ಹಿಡಿದು, "ಇದು ಮಾಮಿ ಅಲ್ಲ, ಮಾಮೆ! ನನ್ನನ್ನ ಅನುಮಾನಿಸಬೇಡ ಕಣೇ!" ಎಂದು ಭಾಷಣ ಶುರುಮಾಡಿದರು.

"ಅನುಮಾನನಾ? ನಿಮ್ಮ ಮೇಲಾ?" ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾಮಿ ಸೂಜಿಗೆ ಕನ್ನಡಕ ಇಲ್ದೇ ದಾರ ಪೋಣಿಸ್ತಾರೆ ಕಣ್ರೀ. ಅವರ ಕಣ್ಣು ಅಷ್ಟು ಕೆಟ್ಟಿಲ್ಲ!"

"ಮತ್ತೆ... ಯಾಕೆ ಬಂದೆ?"

"ಮಾಮಿ ನಿನ್ನೆನೇ ಫೋನ್ ಮಾಡಿದ್ರು. ನೀವು ಕೂತು ಅಳ್ತಿದ್ದೀರಿ ಅಂದ್ರು."

"ಅಳೋದಾ? ಅದು ನಾರು ಗಂಟಲಿಗೆ ಸಿಕ್ಕಿ..."

"ಹೂಂ, ನಾರೇ ಇರಬೇಕು." ಆಕೆ ತಟ್ಟೆಯಿಂದ ಒಂದು ಕಾಯಿ ಎತ್ತಿ ಅದುಮಿದಳು. ಕಾಳು ಪುಳಕ್ಕನೆ ಹಾರಿ ರಾಯರ ಬಾಯೊಳಗೆ ಬಿತ್ತು. ಮೆತ್ತಗಿತ್ತು. ಸಿಹಿಯಾಗಿತ್ತು. ಸಿಪ್ಪೆ ತಿನ್ನುವುದಲ್ಲವೆಂದು ಈಗ ತಿಳಿದ ರಾಯರ ಮುಖ ಚಿಕ್ಕದಾಯಿತು.

"ಬಾಯ್ತುಂಬ ಸಿಪ್ಪೆ ಇಟ್ಕೊಂಡು 'ಎಡಮಾಮೆ' ಅಂತ ನಾಲ್ಕಕ್ಷರ ಹೇಳಿದ್ರಲ್ಲ," ಎಂದಳು ಆಕೆ, ಈಗ ನಗದೆ. "ನಾನೂ ದಿನಾ ಫೋನ್ ಹಿಡ್ಕೊಂಡು ಕಾದೆ. 'ಬಾ' ಅಂತ ಒಂದಕ್ಷರ ಅನ್ನೋಕೆ ಏನಾಗಿತ್ತು ನಿಮಗೆ?"

ಊರಿನವರ ತಪ್ಪನ್ನೆಲ್ಲ ತಿದ್ದುವ ರಾಯರು ಕೊನೆಗೂ ತಮ್ಮ ತಪ್ಪು ತಿದ್ದಿಕೊಂಡರು.

"ಬಾ," ಎಂದರು.

"ಬಂದು ಆಗ್ಲೇ ಹೊಸ್ತಿಲಲ್ಲಿ ನಿಂತಿದ್ದೀನಿ, ಮಹಾರಾಜರೇ! ಮೊದಲು ಪಕ್ಕಕ್ಕೆ ಸರೀರಿ!"